ಯಾರದೋ ದುಡ್ಡು, ನಾಲ್ಕನೇ ಜಾರ್ಜನ ಜಾತ್ರೆ

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗ ಬ್ರೈಟನ್‌ನ ರಾಯಲ್ ಪೆವಿಲಿಯನ್ ನೋಡಿದೆವು. ಹೊರಗಿನಿಂದ ನಮ್ಮ ಮೈಸೂರು ಅರಮನೆಯ ದೂರದ ನೆಂಟನ ಹಾಗಿದೆ, ಒಳಗೆ ಹೋದರೆ ಎಲ್ಲವೂ ಚೀನಾ. ಕಟ್ಟಿಸಿದ ನಾಲ್ಕನೇ ಜಾರ್ಜ್ ಮಹಾ ದುಂದುಗಾರ ಎಂದರು. ಅಷ್ಟು ದುಡ್ಡು ಎಲ್ಲಿಂದ ಬಂತು? ಟಿಪ್ಪುವಿನ ಖಜಾನೆಯದ್ದೇ? ಅವನು ಬಿಟ್ಟುಹೋದದ್ದರಲ್ಲಿ ನೋಡುವಂಥದ್ದು ಇನ್ನೇನಿದೆ?

ಉತ್ತರ: ಟಿಪ್ಪುವಿನ ಖಜಾನೆಯದ್ದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಕ್ಕ ಸಂಪತ್ತನ್ನು ಆ ಕಾಲದ ಸೇನಾ ಪದ್ಧತಿಯಂತೆ ಗೆದ್ದ ಪಡೆಯವರೇ ದರ್ಜೆಗೆ ತಕ್ಕಂತೆ ಹಂಚಿಕೊಂಡರು. ರಾಜಮನೆತನಕ್ಕೆ ಹೋದದ್ದು ಕೆಲವು ವಿಶೇಷ ವಸ್ತುಗಳು ಮಾತ್ರ. ಟಿಪ್ಪುವಿನ ಸಿಂಹಾಸನದ ಮೇಲಿದ್ದ ರತ್ನಖಚಿತ ಹುಮಾ ಪಕ್ಷಿ ಹಾಗೆ ಹೋದದ್ದು. ಅದು ತಲುಪಿದ್ದು ಮೂರನೇ ಜಾರ್ಜನಿಗೆ, ಅಂದರೆ ನೀವು ಕೇಳುತ್ತಿರುವವನ ತಂದೆಗೆ. ಇಂದಿಗೂ ಅದು ರಾಜಸಂಗ್ರಹದಲ್ಲಿದೆ. ಬ್ರೈಟನ್ ಅರಮನೆ ಎದ್ದದ್ದು ಬ್ರಿಟಿಷ್ ತೆರಿಗೆದಾರನ ಹಣದಲ್ಲಿ ಮತ್ತು ಸಾಲದಲ್ಲಿ. ಸಾಲವನ್ನೂ ಕಡೆಗೆ ತೆರಿಗೆದಾರನೇ ತೀರಿಸಿದ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತೇವಲ್ಲ, ಅದು ಇವನ ಮಟ್ಟಿಗೆ ಅಕ್ಷರಶಃ ನಿಜ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಸಾಲಾಗಿ ನಾಲ್ವರು ಜಾರ್ಜರು ಬಂದುಹೋಗಿರುವುದರಿಂದ ಅಮೆರಿಕವನ್ನು ಕಳೆದುಕೊಂಡವನು, ಬುದ್ಧಿಭ್ರಮಣೆಯಾದವನು ಮತ್ತು ದುಂದುಗಾರ ಎಲ್ಲರೂ ಒಬ್ಬರೇ ಎಂದುಕೊಳ್ಳುವವರಿದ್ದಾರೆ. ಮೊದಲೆರಡೂ ತಂದೆ ಮೂರನೇ ಜಾರ್ಜನಿಗೆ ಸೇರಿದ್ದು. ಆ ತಂದೆ ಹಿಡಿತದ ಮನುಷ್ಯ, ಮಿತಾಹಾರಿ, ಬೇಸಾಯದಲ್ಲಿ ಆಸಕ್ತಿ ಇದ್ದವನು. ಮಗ ಹುಟ್ಟಿದ್ದು 1762ರ ಆಗಸ್ಟ್ 12ರಂದು. ತಂದೆಯ ಕಾಯಿಲೆ ವಾಸಿಯಾಗದ ಹಂತಕ್ಕೆ ಬಂದಾಗ, 1811ರ ಫೆಬ್ರವರಿಯಲ್ಲಿ ಅವನ ಪರವಾಗಿ ಆಳುವ ರೀಜೆಂಟ್ ಆದ. ಕಿರೀಟ ಬಂದದ್ದು 1820ರ ಜನವರಿ 29ರಂದು, ಅದೂ ಐವತ್ತೇಳನೇ ವಯಸ್ಸಿನಲ್ಲಿ. ರಾಜನಾಗಿ ಆಳಿದ್ದು ಹತ್ತೇ ವರ್ಷ. 'ರೀಜೆನ್ಸಿ' ಎಂಬ ಹೆಸರಿನಲ್ಲಿ ಪೀಠೋಪಕರಣ, ಉಡುಪು, ಕಟ್ಟಡಗಳ ಮಾತು ಬಂದಾಗೆಲ್ಲ ಅದು 1811ರಿಂದ 1820ರ ಒಂಬತ್ತು ವರ್ಷ ಮತ್ತು ಅದರ ಆಚೀಚೆ. ಸಾಲದ ಕತೆಯ ಮುಖ್ಯ ಭಾಗ ಇದಕ್ಕೂ ಹಿಂದಿನದು, ಯುವರಾಜನಾಗಿದ್ದಾಗಿನದು.

1783ರಲ್ಲಿ ಇಪ್ಪತ್ತೊಂದು ತುಂಬಿದಾಗ ಲಂಡನ್ನಿನ ಕಾರ್ಲ್‌ಟನ್ ಹೌಸ್ ಅವನ ವಾಸಕ್ಕೆ ಬಂತು. ಸಂಸತ್ತು ಒಂದೇ ಸಲಕ್ಕೆ 60,000 ಪೌಂಡ್ ಕೊಟ್ಟಿತು, ತಂದೆಯಿಂದ ವರ್ಷಕ್ಕೆ 50,000 ಪೌಂಡ್ ಗೊತ್ತಾಯಿತು. ಕಾರ್ನ್‌ವಾಲ್ ಜಹಗೀರಿನ ಉತ್ಪನ್ನ ಬೇರೆ. ಆ ಕಾಲದ ಮೊತ್ತವನ್ನು ಇಂದಿನ ರೂಪಾಯಿಗೆ ತಿರುಗಿಸಲು ಹೋಗಬೇಡಿ. ಯಾವ ಸೂಚ್ಯಂಕ ಹಿಡಿಯುತ್ತೀರಿ ಎನ್ನುವುದರ ಮೇಲೆ ಉತ್ತರ ಹತ್ತು ಪಟ್ಟು ಹೆಚ್ಚುಕಡಿಮೆಯಾಗುತ್ತದೆ. ಕೂಲಿಯ ಲೆಕ್ಕ ಹಿಡಿಯುವುದು ಮೇಲು. ಇಂಗ್ಲೆಂಡಿನ ಹೊಲದ ಕೂಲಿಯಾಳಿಗೆ ವಾರಕ್ಕೆ 10 ಶಿಲಿಂಗ್ ಎಂದಿಟ್ಟುಕೊಳ್ಳಿ. ಪೌಂಡಿಗೆ 20 ಶಿಲಿಂಗ್, ಅಂದರೆ ವರ್ಷಕ್ಕೆ 26 ಪೌಂಡ್. ಯುವರಾಜನ ವಾರ್ಷಿಕ ಭತ್ಯೆ ಸುಮಾರು ಎರಡು ಸಾವಿರ ಕೂಲಿಯಾಳುಗಳ ವರ್ಷದ ದುಡಿಮೆ. ಅದೂ ಅವನಿಗೆ ಸಾಲಲಿಲ್ಲ.

ಯಾಕೆ ಸಾಲಲಿಲ್ಲ ಎಂದರೆ, ಕಟ್ಟಡದ ಚಟ. ಕುದುರೆ, ಜೂಜು, ಉಡುಪು, ಹೆಣ್ಣು ಎಲ್ಲ ಇದ್ದವು, ಆದರೆ ಅವು ಆ ಕಾಲದ ಬೇಕಾದಷ್ಟು ಶ್ರೀಮಂತರಿಗೂ ಇದ್ದವು. ಇವನು ಮಾತ್ರ ಕಾರ್ಲ್‌ಟನ್ ಹೌಸನ್ನು ವಾಸ್ತುಶಿಲ್ಪಿ ಹೆನ್ರಿ ಹಾಲೆಂಡ್ ಕೈಯಲ್ಲಿ ಕಟ್ಟಿಸಿ, ಮುಗಿಯುವ ಮೊದಲೇ ಬಣ್ಣ, ಪರದೆ, ಕುರ್ಚಿ ಬದಲಿಸಿ, ಮತ್ತೆ ಕಟ್ಟಿಸುತ್ತಿದ್ದ. ಹಣ ಇದೆಯೋ ಇಲ್ಲವೋ ಕೇಳದೆ ಮಾಲು ತರಿಸುವುದು ಅವನ ಅಭ್ಯಾಸ. ವ್ಯಾಪಾರಿಗಳೂ ಕೊಡುತ್ತಿದ್ದರು, ಮುಂದೆ ರಾಜನಾಗುವವನ ಖಾತೆ ಮುಳುಗುವುದಿಲ್ಲ, ಕೊನೆಗೆ ಸಂಸತ್ತು ಕೈ ಹಿಡಿದೇ ಹಿಡಿಯುತ್ತದೆ ಎಂಬ ಲೆಕ್ಕಾಚಾರ. ಆ ಲೆಕ್ಕಾಚಾರ ತಪ್ಪಲಿಲ್ಲ ಎನ್ನುವುದೇ ಇಡೀ ರೋಗದ ಮೂಲ.

1786ರಲ್ಲಿ ಸಾಲ ಕುತ್ತಿಗೆಗೆ ಬಂದಾಗ ಕಾರ್ಲ್‌ಟನ್ ಹೌಸಿಗೆ ಬೀಗ ಹಾಕಿ, ಕುದುರೆಗಳನ್ನು ಮಾರಿ, ಬ್ರೈಟನ್ನಿಗೆ ಹೋಗಿ ಕುಳಿತ. ಬಡತನದ ಆ ಪ್ರದರ್ಶನ ಫಲ ಕೊಟ್ಟಿತು. 1787ರಲ್ಲಿ ಸಂಸತ್ತು ಸಾಲಕ್ಕೆಂದು 1,61,000 ಪೌಂಡ್ ಕೊಟ್ಟಿತು, ಕಾರ್ಲ್‌ಟನ್ ಹೌಸಿನ ಕೆಲಸಕ್ಕೆ ಬೇರೆ ಹಣ ಕೊಟ್ಟಿತು. ಎಂಟೇ ವರ್ಷ: 1795ರಲ್ಲಿ ಸಾಲ ಸುಮಾರು 6,30,000 ಪೌಂಡ್. ಮೇಲಿನ ಕೂಲಿ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಸಾವಿರ ಆಳುಗಳ ಒಂದು ವರ್ಷ. ಬ್ರಿಟನ್ ಆಗ ಫ್ರಾನ್ಸಿನೊಡನೆ ಯುದ್ಧದಲ್ಲಿತ್ತು ಎನ್ನುವುದನ್ನೂ ಸೇರಿಸಿಕೊಂಡು ಓದಿ.

ಈ ಸಲ ತಂದೆ ಷರತ್ತು ಹಾಕಿದ: ಮದುವೆಯಾಗು, ಸಾಲ ನೋಡೋಣ. ತೊಡಕೆಂದರೆ ಮಗನಿಗೆ ಆಗಲೇ ಮದುವೆಯಾಗಿತ್ತು. 1785ರ ಡಿಸೆಂಬರ್ 15ರಂದು ಮರಿಯಾ ಫಿಟ್ಜ್‌ಹರ್ಬರ್ಟ್ ಎಂಬ ವಿಧವೆಯನ್ನು ಅವಳ ಮನೆಯಲ್ಲೇ ಗುಟ್ಟಾಗಿ ಮದುವೆಯಾಗಿದ್ದ. 1772ರ ರಾಜವಿವಾಹ ಕಾಯ್ದೆಯಂತೆ ರಾಜನ ಒಪ್ಪಿಗೆ ಇಲ್ಲದ ಆ ಮದುವೆ ಕಾನೂನಿನ ಕಣ್ಣಿಗೆ ನಡೆದೇ ಇಲ್ಲ. ಒಂದು ವೇಳೆ ಊರ್ಜಿತವಾಗಿದ್ದರೆ ಪಟ್ಟವೇ ಹೋಗುತ್ತಿತ್ತು, ಏಕೆಂದರೆ ಆಕೆ ಕ್ಯಾಥೊಲಿಕ್, ಕ್ಯಾಥೊಲಿಕ್‌ರನ್ನು ಮದುವೆಯಾದವನಿಗೆ 1701ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಸಿಂಹಾಸನ ಇಲ್ಲ. ಎರಡು ಕಾಯ್ದೆಗಳು ಒಂದನ್ನೊಂದು ಕತ್ತರಿಸಿ ಅವನನ್ನು ಉಳಿಸಿದವು. 1787ರಲ್ಲಿ ಸಂಸತ್ತಿನಲ್ಲಿ ಈ ಮದುವೆಯ ಮಾತು ಎದ್ದಾಗ ಅವನ ಗೆಳೆಯ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಎದ್ದು ನಿಂತು ಅದೆಲ್ಲ ಸುಳ್ಳು ಎಂದ. ಗೆಳೆಯನ ಮಾತು ನಂಬಿ ಹಾಗೆ ಹೇಳಿದ್ದ ಪಾಪ.

ಹೀಗೆ 1795ರ ಏಪ್ರಿಲ್ 8ರಂದು ಬ್ರನ್ಸ್‌ವಿಕ್‌ನ ಕ್ಯಾರೊಲಿನ್ ಜೊತೆ ಸೇಂಟ್ ಜೇಮ್ಸ್ ಅರಮನೆಯಲ್ಲಿ ಮದುವೆ. ಮೊದಲ ಸಲ ಅವಳನ್ನು ಕಂಡ ಕೂಡಲೇ ಬ್ರಾಂದಿ ತರಿಸಿಕೊಂಡಿದ್ದ. ಮದುವೆಯ ದಿನವೂ ಕುಡಿದೇ ಬಂದಿದ್ದ. 1796ರ ಜನವರಿ 7ರಂದು ಮಗಳು ಶಾರ್ಲಟ್ ಹುಟ್ಟಿದಳು. ಅಷ್ಟಕ್ಕೆ ದಾಂಪತ್ಯ ಮುಗಿಯಿತು. ಸಾಲವಾದರೂ ತೀರಿತೇ? ಸಂಸತ್ತು ಈ ಬಾರಿ ಎಚ್ಚರ ವಹಿಸಿತು. ವಾರ್ಷಿಕ ಭತ್ಯೆಗೆ 65,000 ಪೌಂಡ್ ಸೇರಿಸಿತು, ಆದರೆ ಹೆಚ್ಚಳವನ್ನು ಅವನ ಕೈಗೆ ಕೊಡದೆ ಸಾಲದ ಕಂತಿಗೆ ಹಿಡಿಯಿತು. 1803ರಲ್ಲಿ ಇನ್ನೂ 60,000 ಸೇರಿಸಬೇಕಾಯಿತು. 1795ರ ಸಾಲ ಪೂರ್ತಿ ಚುಕ್ತವಾದದ್ದು 1806ರಲ್ಲಿ. ಅಷ್ಟರಲ್ಲಿ ಹೊಸ ಸಾಲ ಬೆಳೆದಿತ್ತು ಅನ್ನಿ.

ಈಗ ನೀವು ನೋಡಿದ ಪೆವಿಲಿಯನ್. ಅದು ಮೂರು ಪದರದ ಕಟ್ಟಡ. ಮೂಲದಲ್ಲಿ ಬಾಡಿಗೆಗೆ ಹಿಡಿದ ಒಂದು ರೈತನ ಮನೆ. 1787ರಲ್ಲಿ ಹಾಲೆಂಡ್ ಅದನ್ನು ಫ್ರೆಂಚ್ ಶೈಲಿಯ ಸಮುದ್ರತೀರದ ಬಂಗಲೆಯಾಗಿ ಹಿಗ್ಗಿಸಿದ. ಆಮೇಲೆ 1803ರಿಂದ 1808ರವರೆಗೆ ವಿಲಿಯಂ ಪೋರ್ಡನ್ ಪಕ್ಕದಲ್ಲಿ 80 ಅಡಿ ಅಗಲದ ಗುಮ್ಮಟವಿಟ್ಟು ಕುದುರೆಲಾಯ ಕಟ್ಟಿದ. ಅಂದರೆ ಗುಮ್ಮಟದ ಭಾಗ್ಯ ಯುವರಾಜನಿಗಿಂತ ಮೊದಲು ಕುದುರೆಗಳಿಗೆ ಬಂತು. ಆ ಲಾಯವೇ ಇಂದಿನ ಬ್ರೈಟನ್ ಡೋಮ್ ಸಭಾಂಗಣ. 1974ರಲ್ಲಿ ಅಬ್ಬಾ ತಂಡ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದದ್ದು ಅಲ್ಲೇ. 1815ರಿಂದ 1822ರವರೆಗೆ ಜಾನ್ ನ್ಯಾಷ್ ಹಾಲೆಂಡನ ಬಂಗಲೆಯನ್ನು ಕೆಡವದೆ, ಅದರ ಮೇಲೆ ಎರಕದ ಕಬ್ಬಿಣದ ಚೌಕಟ್ಟು ಕೂರಿಸಿ ಈಗಿನ ಈರುಳ್ಳಿ ಗುಮ್ಮಟಗಳನ್ನು ಎಬ್ಬಿಸಿದ. ಗುಮ್ಮಟಗಳು ಕಲ್ಲಿನವಲ್ಲ, ಕಬ್ಬಿಣದ ಅಸ್ಥಿಪಂಜರಕ್ಕೆ ಹೊದಿಸಿದ ಮೈ. ನೋಡಿದ್ದು ಭಾರತ ಅಂತ ಅನ್ನಿಸಿದರೂ ನ್ಯಾಷ್ ಭಾರತಕ್ಕೆ ಕಾಲಿಟ್ಟವನಲ್ಲ. ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಭಾರತ ಸುತ್ತಿ ಅಚ್ಚು ಹಾಕಿಸಿದ ಚಿತ್ರಗಳೇ ಅಂದಿನ ಇಂಗ್ಲಿಷ್ ವಾಸ್ತುಶಿಲ್ಪಿಗಳಿಗೆ ಭಾರತ. ಅದಕ್ಕೇ ಮೊಘಲ್ ಗುಮ್ಮಟ, ಮಿನಾರು, ಜಾಲಂಧ್ರ ಎಲ್ಲ ಒಂದೇ ಕಡೆ ಕಲಸಿಕೊಂಡಿವೆ. ಮೈಸೂರಿನ ಅಂಬಾವಿಲಾಸ ಅರಮನೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1897ರಿಂದ 1912ರವರೆಗೆ ಎದ್ದದ್ದು, ಬ್ರೈಟನ್ನಿಗಿಂತ ಎಂಬತ್ತು ತೊಂಬತ್ತು ವರ್ಷ ತಡ. ಒಂದು ಇನ್ನೊಂದರ ನಕಲಲ್ಲ. ಆದರೆ ಭಾರತದ ಗುಮ್ಮಟವನ್ನು ಯುರೋಪಿನ ನಕ್ಷೆಯ ಮೇಲೆ ಕೂರಿಸುವ ಖಯಾಲಿ ಎರಡರಲ್ಲೂ ಇದೆ, ನಿಮ್ಮ ಕಣ್ಣು ತಪ್ಪಿಲ್ಲ.

ಒಳಗೆ ಮತ್ತೆ ಹೋದರೆ ಊಟದ ಸಾಲೆಯಲ್ಲಿ ತಲೆ ಎತ್ತಿ. ಛಾವಣಿಯಲ್ಲಿ ಬಾಳೆ ಎಲೆಗಳ ಗುಚ್ಛ, ಅದರಿಂದ ಇಳಿಬಿದ್ದ ಬೆಳ್ಳಿ ಬಣ್ಣದ ಡ್ರ್ಯಾಗನ್, ಅದರ ಪಂಜದಲ್ಲಿ ಸುಮಾರು 30 ಅಡಿ ಉದ್ದ, ಒಂದು ಟನ್ ತೂಕದ ತೂಗುದೀಪ; ಸುತ್ತ ಸಣ್ಣ ಡ್ರ್ಯಾಗನ್‌ಗಳು ತಾವರೆಯಾಕಾರದ ಗಾಜಿನ ದೀಪಗಳಿಗೆ ಉಸಿರೂದುತ್ತಿವೆ. ಅಡುಗೆಮನೆಯ ಕಬ್ಬಿಣದ ಕಂಬಗಳ ತುದಿಗೆ ತಾಮ್ರದ ತಾಳೆಗರಿಗಳು. ಆ ಒಲೆಗಳ ಮುಂದೆ 1816-17ರಲ್ಲಿ ಫ್ರಾನ್ಸಿನ ಹೆಸರಾಂತ ಬಾಣಸಿಗ ಮರಿ-ಆಂಟ್ವಾನ್ ಕರೇಮ್ ನಿಂತಿದ್ದ. ಅವನು ಬಡಿಸಿದ ಒಂದು ಔತಣದಲ್ಲಿ ನೂರಕ್ಕೂ ಮಿಕ್ಕಿ ಭಕ್ಷ್ಯಗಳಿದ್ದವು.

ಇಷ್ಟೆಲ್ಲ ಇದ್ದೂ ಮಾಳಿಗೆ ಸೋರುತ್ತಿತ್ತು. ನ್ಯಾಷ್ ಗುಮ್ಮಟಗಳಿಗೆ ಆಗ ಹೊಸದಾಗಿ ಬಂದಿದ್ದ ಮಾಸ್ಟಿಕ್ ಎಂಬ ಅಂಟುಗಾರೆ ಮೆತ್ತಿಸಿದ್ದ. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಮೇಲಿನ ಗಾರೆ ಅದರ ಜೊತೆ ಬಾಗದಿದ್ದರೆ ಬಿರುಕು ಬಿಡುತ್ತದೆ. ಸಮುದ್ರದ ಉಪ್ಪುಗಾಳಿಗೆ ಅಷ್ಟು ಸಂದು ಸಾಕು. ಗಾರೆ ಕಿತ್ತು ಲೋಹದ ಹೊದಿಕೆ ಹಾಕಿಸಬೇಕಾಯಿತು, ಮತ್ತೆ ಖರ್ಚು. ಈಚಿನ ಕಾಲದಲ್ಲೂ ಈ ಕಟ್ಟಡದ ಗ್ರಹಚಾರ ಬಿಟ್ಟಿಲ್ಲ. ಸಂಗೀತದ ಸಾಲೆಗೆ 1975ರಲ್ಲಿ ಯಾರೋ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ದುರಸ್ತಿ ಮಾಡಿ ಹೊಸ ರತ್ನಗಂಬಳಿ ಹಾಸಿದ ಮೇಲೆ, 1987ರ ಬಿರುಗಾಳಿಗೆ ಮಿನಾರಿನ ತುದಿಯ ಕಲ್ಲಿನ ಗುಂಡು ಕಳಚಿ ಛಾವಣಿ ತೂರಿಕೊಂಡು ಅದೇ ಗಂಬಳಿಯ ಮೇಲೆ ಬಿತ್ತು.

ರಾಜನಾದ ಮೇಲಿನ ದೊಡ್ಡ ಖರ್ಚು ಪಟ್ಟಾಭಿಷೇಕ, 1821ರ ಜುಲೈ 19. ತಂದೆಯದು 10,000 ಪೌಂಡಿನ ಆಸುಪಾಸಿನಲ್ಲಿ ಮುಗಿದಿತ್ತು. ಇವನದು ಸುಮಾರು 2,40,000. ಸಂಸತ್ತು ಮಂಜೂರು ಮಾಡಿದ್ದು 1,00,000. ಉಳಿದದ್ದಕ್ಕೆ ವಾಟರ್ಲೂ ಸೋತ ಫ್ರಾನ್ಸ್ ಕೊಟ್ಟ ಯುದ್ಧದಂಡದ ಹಣ ಒದಗಿತು. ಮೈಮೇಲಿನ ನಿಲುವಂಗಿಯ ಸೆರಗು 27 ಅಡಿ. ಕಿರೀಟದ ಹನ್ನೆರಡು ಸಾವಿರಕ್ಕೂ ಮಿಕ್ಕಿದ ವಜ್ರಗಳು ರಂಡೆಲ್, ಬ್ರಿಡ್ಜ್ ಅಂಗಡಿಯಿಂದ ಬಾಡಿಗೆಗೆ ತಂದವು. ಸಮಾರಂಭ ಮುಗಿದ ಮೇಲೂ ಕಿರೀಟ ಹಿಂದಿರುಗಿಸಲು ಮನಸ್ಸಿಲ್ಲದೆ, ಸಂಸತ್ತು ಕೊಂಡುಕೊಡಲಿ ಎಂದು ಕಾದ. ಸಂಸತ್ತು ಜಪ್ಪಯ್ಯ ಅನ್ನಲಿಲ್ಲ. 1823ರಲ್ಲಿ ಕಲ್ಲುಗಳು ಅಂಗಡಿಗೆ ಮರಳಿದವು, ಅಷ್ಟು ದಿನದ ಬಾಡಿಗೆ ಬಿತ್ತು.

ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ಔತಣ ಇನ್ನೂ ಸ್ವಾರಸ್ಯ. ನಡುಬೇಸಿಗೆ, ಉಣ್ಣೆ-ಮಖಮಲ್ಲಿನ ದಿರಿಸು, ಮೇಲೆ ಸಾವಿರಾರು ಮೇಣದ ಬತ್ತಿ. ಬಿಸಿಗೆ ಕರಗಿದ ಮೇಣ ತೊಟತೊಟನೆ ಅತಿಥಿಗಳ ತಲೆ, ಭುಜ, ರೇಷ್ಮೆಯ ಮೇಲೆ ಇಳಿಯುತ್ತಿತ್ತು. ಪದ್ಧತಿಯಂತೆ ರಾಜನ ಮಲ್ಲ ಕವಚ ತೊಟ್ಟು ಕುದುರೆಯ ಮೇಲೆಯೇ ಸಭೆಯೊಳಗೆ ಬಂದು ಎದುರಾಳಿ ಇದ್ದರೆ ಬರಲಿ ಎಂದು ಕೈಗವಸು ಎಸೆದ. ರಾಜ ಎದ್ದುಹೋದದ್ದೇ ತಡ, ಗ್ಯಾಲರಿಯಲ್ಲಿ ಹಸಿದು ನೋಡುತ್ತಿದ್ದವರು ಮೇಜಿಗೆ ಮುಗಿಬಿದ್ದು ಚಮಚ, ತಟ್ಟೆಗಳನ್ನೂ ಬಾಚಿಕೊಂಡರು. ಪಟ್ಟಾಭಿಷೇಕದ ಔತಣ ಅದೇ ಕೊನೆ. ತಮ್ಮ ನಾಲ್ಕನೇ ವಿಲಿಯಂ 1831ರಲ್ಲಿ ಅದನ್ನು ಕೈಬಿಟ್ಟು ಸುಮಾರು 43,000 ಪೌಂಡಿನಲ್ಲಿ ಕಾರ್ಯ ಮುಗಿಸಿದ.

ಅದೇ ದಿನ ಬೆಳಿಗ್ಗೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಬಾಗಿಲು ಬಾಗಿಲಿಗೂ ಅಲೆದು ಒಳಗೆ ಬಿಡದೆ ಹಿಂದಿರುಗಿದವಳು ಕ್ಯಾರೊಲಿನ್. ಕಾನೂನಿನಂತೆ ಅವಳೇ ರಾಣಿ. ಹಿಂದಿನ ವರ್ಷ ರಾಜ ಅವಳ ಮೇಲೆ ವ್ಯಭಿಚಾರದ ಆರೋಪ ಹೊರಿಸಿ ಮದುವೆ ರದ್ದು ಮಾಡುವ ಮಸೂದೆಯನ್ನು ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಗೆ ತರಿಸಿದ್ದ. 1820ರ ನವೆಂಬರಿನಲ್ಲಿ ಮೂರನೇ ಓದಿನಲ್ಲಿ ಬರೀ 9 ಮತಗಳ ಅಂತರದಿಂದ ಗೆದ್ದಿತು; ಕೆಳಮನೆ ಕಾಮನ್ಸ್‌ನಲ್ಲಿ ಬಿದ್ದೇ ಬೀಳುತ್ತದೆ ಎಂದು ಸರ್ಕಾರವೇ ಕೈಬಿಟ್ಟಿತು. ಬೀದಿಯ ಜನ ರಾಣಿಯ ಪರ ಇದ್ದರು. ಪಟ್ಟಾಭಿಷೇಕವಾಗಿ ಮೂರು ವಾರ ಕಳೆಯುವುದರಲ್ಲಿ, ಆಗಸ್ಟ್ 7ರಂದು ಅವಳು ತೀರಿಕೊಂಡಳು. ಮಗಳು ಶಾರ್ಲಟ್ 1817ರಲ್ಲೇ ಹೆರಿಗೆಯಲ್ಲಿ ಸತ್ತಿದ್ದಳು. ಮುಂದೆ ವಿಕ್ಟೋರಿಯಾಳಿಗೆ ಪಟ್ಟ ಬಂದದ್ದು ಈ ಸಾವಿನ ದೆಸೆಯಿಂದ.

ಅರಮನೆಗಳ ಲೆಕ್ಕ ಕೈಮೀರಿದ್ದು ಹೇಗೆ ಎನ್ನುವುದಕ್ಕೆ ಬಕಿಂಗ್‌ಹ್ಯಾಮ್ ಒಳ್ಳೆಯ ಮಾದರಿ. ನ್ಯಾಷ್ ಕೊಟ್ಟ ಅಂದಾಜು 2,52,690 ಪೌಂಡ್. ಮನೆ ದುರಸ್ತಿ ಎಂದು ಶುರುವಾದ ಕೆಲಸ ಅರಮನೆಯಾಗಿ ತಿರುಗಿತು. ಎದ್ದ ಪಾರ್ಶ್ವಗಳನ್ನು ಚೆನ್ನಾಗಿಲ್ಲವೆಂದು ಕೆಡವಿ ಮತ್ತೆ ಕಟ್ಟಿದರು. ರಾಜನ ಕೊನೆಗಾಲಕ್ಕೆ ಖರ್ಚು ಐದು ಲಕ್ಷದ ಹತ್ತಿರ, ಕಟ್ಟಡ ಇನ್ನೂ ಅಪೂರ್ಣ. ಅವನು ಸಾಯುತ್ತಲೂ ನ್ಯಾಷ್‌ನನ್ನು ಕೆಲಸದಿಂದ ತೆಗೆದು ಸಂಸತ್ತಿನ ಸಮಿತಿ ವಿಚಾರಣೆಗೆ ಕೂತಿತು. ಕಟ್ಟಿಸಿದವನು ಅಲ್ಲಿ ಒಂದು ದಿನವೂ ವಾಸ ಮಾಡಲಿಲ್ಲ. ಮೊದಲು ಬಂದಿಳಿದವಳು 1837ರಲ್ಲಿ ವಿಕ್ಟೋರಿಯಾ. ವಿಂಡ್ಸರ್ ಕೋಟೆಯ ನವೀಕರಣ ಜೆಫ್ರಿ ವಯಟ್‌ವಿಲ್ ಕೈಯಲ್ಲಿ 1824ರ ಆಗಸ್ಟಿನಲ್ಲಿ ಆರಂಭವಾಯಿತು. ಅದೇ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಚೆನ್ನಮ್ಮನ ಪಡೆಯ ಎದುರು ಕಲೆಕ್ಟರ್ ಥ್ಯಾಕರೆ ಬಿದ್ದ. ಸಿಂಹಾಸನದಲ್ಲಿದ್ದವನು ಇವನೇ ಆದರೂ ಕಿತ್ತೂರಿನ ತೀರ್ಮಾನಗಳು ಕಂಪನಿಯವು. ಅವನ ಗಮನ ಆಗ ವಿಂಡ್ಸರ್‌ನ ಗೋಡೆಗಳ ಮೇಲಿತ್ತು.

ಶ್ರೀರಂಗಪಟ್ಟಣದ ಜಾಡು ಅವನ ಆಳ್ವಿಕೆಯಲ್ಲಿ ಇನ್ನೊಂದು ಕಡೆ ಸಿಗುತ್ತದೆ. 1799ರಲ್ಲಿ ಅಲ್ಲಿ ಕಾದಿ, ಆಮೇಲೆ ಆ ಊರಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆಗಿ 1828ರಲ್ಲಿ ಪ್ರಧಾನಿಯಾದ. ಕ್ಯಾಥೊಲಿಕ್‌ರಿಗೆ ಸಂಸತ್ತಿನ ಬಾಗಿಲು ತೆರೆಯುವ 1829ರ ಕಾಯ್ದೆಗೆ ಸಹಿ ಹಾಕಲು ಒಲ್ಲದೆ ರಾಜ ಅತ್ತ, ಕರೆದ, ಪಟ್ಟ ಬಿಡುತ್ತೇನೆಂದ. ವೆಲ್ಲಿಂಗ್ಟನ್ ಜಗ್ಗಲಿಲ್ಲ, ಸಹಿ ಬಿತ್ತು. ನನ್ನ ದೃಷ್ಟಿಯಲ್ಲಿ ಅವನ ದುಂದಿಗೆ ರಾಜಪದವಿ ತೆತ್ತ ನಿಜವಾದ ಬೆಲೆ ಇದು. ನಲವತ್ತು ವರ್ಷ ಸಂಸತ್ತಿನ ಮುಂದೆ ಕೈಚಾಚಿದವನಿಗೆ ಅದೇ ಸಂಸತ್ತಿಗೆ ಆಗದು ಎನ್ನುವ ಗತ್ತು ಉಳಿದಿರಲಿಲ್ಲ.

ದೇಹವೂ ಅದೇ ದಾರಿ ಹಿಡಿಯಿತು. ಜೇಮ್ಸ್ ಗಿಲ್ರೇ 1792ರಲ್ಲೇ ಬರೆದ ವ್ಯಂಗ್ಯಚಿತ್ರದಲ್ಲಿ ಊಟ ಮುಗಿಸಿದ ಯುವರಾಜ ಫೋರ್ಕಿನಿಂದ ಹಲ್ಲು ಚುಚ್ಚಿಕೊಳ್ಳುತ್ತಿದ್ದಾನೆ, ಹಿಂದೆ ತುಂಬಿದ ಮೂತ್ರದ ಪಾತ್ರೆಯ ಅಡಿಯಲ್ಲಿ ಪಾವತಿಯಾಗದ ಬಿಲ್ಲುಗಳು. 1797ರಲ್ಲಿ ತೂಕ 111 ಕಿಲೋ, 1824ರಲ್ಲಿ ಹೊಲಿಸಿದ ಸೊಂಟಪಟ್ಟಿಯ ಸುತ್ತಳತೆ 50 ಅಂಗುಲ. ಸಂಧಿವಾತ, ಕಣ್ಣಿನ ಪೊರೆ, ನೋವಿಗೆ ಅಫೀಮಿನ ದ್ರಾವಣ. ಸಾಯುವ ಕೆಲವೇ ತಿಂಗಳ ಹಿಂದಿನ ಒಂದು ಬೆಳಗಿನ ತಿಂಡಿಯನ್ನು ವೆಲ್ಲಿಂಗ್ಟನ್ ದಾಖಲಿಸಿದ್ದಾನೆ: ಎರಡು ಪಾರಿವಾಳ, ಮೂರು ತುಂಡು ದನದ ಮಾಂಸ, ಮುಕ್ಕಾಲು ಬಾಟಲಿ ಮೊಸೆಲ್ ವೈನ್, ಒಂದು ಲೋಟ ಶಾಂಪೇನ್, ಎರಡು ಲೋಟ ಪೋರ್ಟ್, ಒಂದು ಲೋಟ ಬ್ರಾಂದಿ. 1830ರ ಜೂನ್ 26ರ ನಸುಕಿನಲ್ಲಿ ವಿಂಡ್ಸರ್‌ನಲ್ಲಿ ಸತ್ತ. ಕೊರಳಲ್ಲಿ ಮರಿಯಾ ಫಿಟ್ಜ್‌ಹರ್ಬರ್ಟಳ ಪುಟ್ಟ ಚಿತ್ರವಿತ್ತು, ಅದರೊಂದಿಗೇ ಹೂತರು.

ಇನ್ನು ನೋಡುವ ಮಾತು. ದುಂದುಗಾರ ಹೌದು, ಆದರೆ ಒಳ್ಳೆಯ ಕಣ್ಣಿದ್ದವನು. ಕ್ರಾಂತಿಯ ನಂತರ ಫ್ರಾನ್ಸಿನ ಅರಮನೆಗಳ ಮಾಲು ಹರಾಜಿಗೆ ಬಂದಾಗ ಸೆವ್ರ್ ಪಿಂಗಾಣಿ, ಕುರ್ಚಿ ಮೇಜು ಬಾಚಿ ಕೊಂಡ. 1811ರಲ್ಲಿ ರೆಂಬ್ರಾಂಟ್‌ನ ಹಡಗು ಕಟ್ಟುವವನ ಮತ್ತು ಅವನ ಹೆಂಡತಿಯ ಜೋಡಿಚಿತ್ರಕ್ಕೆ 5,000 ಗಿನಿ ಕೊಟ್ಟ. ಗಿನಿಗೆ 21 ಶಿಲಿಂಗಿನಂತೆ 5,250 ಪೌಂಡ್. ಅದು ಬಕಿಂಗ್‌ಹ್ಯಾಮ್‌ನ ಸಂಗ್ರಹದ ಹೆಮ್ಮೆ. ಆ ಅರಮನೆ ಸಾರ್ವಜನಿಕರಿಗೆ ಮುಖ್ಯವಾಗಿ ಬೇಸಿಗೆಯಲ್ಲಿ ತೆರೆಯುತ್ತದೆ, ಟಿಕೆಟ್ ಮೊದಲೇ ತೆಗೆಯಿರಿ. 1824ರಲ್ಲಿ 57,000 ಪೌಂಡಿಗೆ ಕೊಂಡ 38 ಚಿತ್ರಗಳಿಂದ ನ್ಯಾಷನಲ್ ಗ್ಯಾಲರಿ ಶುರುವಾದದ್ದರ ಹಿಂದೆ ಅವನ ಒತ್ತಾಸೆಯೂ ಇತ್ತು. ಅಲ್ಲಿ ಪ್ರವೇಶ ಉಚಿತ. ವಿಂಡ್ಸರ್‌ನಲ್ಲಿ ವಾಟರ್ಲೂ ಸಾಲೆ ತಪ್ಪಿಸಬೇಡಿ: ಗೋಡೆಯ ಮೇಲೆ ನೆಪೋಲಿಯನ್ನನನ್ನು ಸೋಲಿಸಿದವರ ಭಾವಚಿತ್ರಗಳನ್ನು ಥಾಮಸ್ ಲಾರೆನ್ಸ್‌ನಿಂದ ಬರೆಸಿದವನು ಇವನು, ನೆಲದ ಭಾರಿ ರತ್ನಗಂಬಳಿ ಮುಂದೆ ವಿಕ್ಟೋರಿಯಾಳಿಗಾಗಿ ಆಗ್ರಾ ಜೈಲಿನ ಕೈದಿಗಳು ನೇಯ್ದದ್ದು. 2023ರಲ್ಲಿ ಟಿವಿಯಲ್ಲಿ ಮೂರನೇ ಚಾರ್ಲ್ಸ್‌ನ ಪಟ್ಟಾಭಿಷೇಕ ನೋಡಿದ್ದರೆ ಅವನ ಹೆಗಲ ಮೇಲಿದ್ದ ಚಿನ್ನದ ಮೇಲುಹೊದಿಕೆಯೂ ಇವನಿಗಾಗಿ 1821ರಲ್ಲಿ ಮಾಡಿದ್ದೇ.

ಬ್ರೈಟನ್ನಿಗೆ ಇನ್ನೊಮ್ಮೆ ಹೋಗುವುದಾದರೆ ಲಂಡನ್ ವಿಕ್ಟೋರಿಯಾದಿಂದ ರೈಲಿನಲ್ಲಿ ಒಂದು ಗಂಟೆ, ನಿಲ್ದಾಣದಿಂದ ಹದಿನೈದು ನಿಮಿಷ ನಡಿಗೆ. ವಿಕ್ಟೋರಿಯಾಳಿಗೆ ಆ ಅರಮನೆ ಹಿಡಿಸದೆ 1850ರಲ್ಲಿ ಊರಿನ ಆಡಳಿತಕ್ಕೆ ಮಾರಿಬಿಟ್ಟಳು. ತೋಟದ ದಕ್ಷಿಣದ ಬಾಗಿಲನ್ನು ಗಮನಿಸಿ. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಪೆವಿಲಿಯನ್ ಗಾಯಾಳು ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಜಾತಿ ಮತಗಳ ಮಡಿಗೆ ತಕ್ಕಂತೆ ಬೇರೆ ಬೇರೆ ಅಡುಗೆಮನೆಗಳನ್ನು ತೋಟದಲ್ಲೇ ಹೂಡಿದ್ದರು. ಅದರ ನೆನಪಿಗೆ ಭಾರತದಿಂದ ಬಂದ ಕೊಡುಗೆ ಆ ಬಾಗಿಲು, 1921ರಲ್ಲಿ ಪಟಿಯಾಲದ ಮಹಾರಾಜ ಅನಾವರಣ ಮಾಡಿದ್ದು.